ಗೊಂಬೆ ನೋಡಲು ಬಂದ ಅಪ್ಪ

ಸೆಪ್ಟೆಂಬರ್ 25, ಗುರುವಾರ. ಜೆ.ಪಿ. ನಗರ.

ಇವತ್ತೂ ದಸರೆಯ ಗೊಂಬೆ ನೋಡಲು ಯಾರೂ ಬರುವುದಿಲ್ಲವೇನೋ ಎಂದು ಸಂಜೆಯೆಲ್ಲ ಬೇಸರ. ಹಬ್ಬಕ್ಕೆ ಮಾಡಿದ ರವೆಉಂಡೆ ಡಬ್ಬದಲ್ಲೇ ಕೂತಿತ್ತು. ದೀಪ ಹಚ್ಚುವ ಹೊತ್ತಿಗೆ ಬೆಲ್ ಆಯಿತು. ಮಹಡಿಯಲ್ಲಿ ಬಾಡಿಗೆಗಿರುವ ಸಿದ್ದಾರೂಢ, ಕೈಯಲ್ಲಿ ಪೇಡೆಯ ಪೊಟ್ಟಣ.

"ಆಂಟಿ, ಮಗಳು ಹುಟ್ಯಾಳ್ರಿ. ಮೊನ್ನೆ, ಗದಗದಾಗ."

"ಎಷ್ಟು ಒಳ್ಳೇ ಸುದ್ದಿ! ನೋಡ್ಕೊಂಡು ಬಂದ್ಯೇನಪ್ಪ?"

"ಎಲ್ಲೀದ್ರಿ, ಶನಿವಾರದ ತನಕ ರಜಾ ಇಲ್ಲ." ನಗುತ್ತಲೇ ಹೇಳಿದ, ಆದರೆ ಮುಖ ಬಾಡಿತ್ತು.

ಒಳಗೆ ಕರೆದು ಗೊಂಬೆ ತೋರಿಸಿದೆ. ರವೆಉಂಡೆ ಕೊಡುವಾಗ ಅಭ್ಯಾಸಬಲದಿಂದ, "ಗೊಂಬೆ ನೋಡಕ್ಕೆ ಬಂದೋರು ಒಂದು ಹಾಡು ಹೇಳ್ಬೇಕು" ಎಂದುಬಿಟ್ಟೆ. ಗಂಡಸರನ್ನು ಎಂದೂ ಕೇಳಿದವಳಲ್ಲ ನಾನು. ಅವನು ನಾಚಿಕೊಂಡ.

"ಒಂದ ಬರ್ತೈತ್ರಿ, ಜೋಗುಳ. ಅವ್ವ ಫೋನಿನಾಗ ಕಲಿಸ್ಯಾಳ. ಕೂಸಿಗೆ ಇನ್ನೂ ಹಾಡಿಲ್ಲ."

"ಹಾಗಾದ್ರೆ ಮೊದ್ಲು ನಿನ್ನ ಹೆಂಡ್ತಿಗೆ ಫೋನ್ ಮಾಡು" ಎಂದೆ.

ಫೋನನ್ನು ರಾಜ-ರಾಣಿ ಗೊಂಬೆಗಳಿಗೆ ಒರಗಿಸಿಟ್ಟು, ಕೈಕಟ್ಟಿ ನಿಂತು ಹಾಡಿದ. ದನಿ ಮೆಲ್ಲಗಿತ್ತು. ಆ ಕಡೆ ಮಗು ಒಮ್ಮೆ ಕುಂಯ್ ಎಂದಿತು. ಅವನು ಗಕ್ಕನೆ ನಿಲ್ಲಿಸಿಬಿಟ್ಟ.

"ನಿಲ್ಲಸಬ್ಯಾಡ್ರಿ, ಕೇಳಾಕತ್ತಾಳ" ಎಂದಳು ಹೆಂಡತಿ.

ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ. ನಾನು ಗೊಂಬೆಗಳನ್ನು ಸರಿಮಾಡುವವಳಂತೆ ಬೆನ್ನು ತಿರುಗಿಸಿ ನಿಂತೆ.

ಊಟ ಮಾಡಿಕೊಂಡೇ ಹೋಗು ಎಂದರೂ ಕೇಳದೆ ಮೇಲೆ ಹೋದ. ಈಗ ಮಹಡಿಯಿಂದ ಅದೇ ಹಾಡು ಕೇಳಿಸುತ್ತಿದೆ, ಈ ಸಲ ನಾಚಿಕೆಯಿಲ್ಲದೆ, ಗಟ್ಟಿಯಾಗಿ. ಗದಗದಲ್ಲಿ ಆ ಮಗು ಮಲಗಿತೋ ಇಲ್ಲವೋ, ನನಗಂತೂ ಬರೆಯುತ್ತಿದ್ದಂತೆಯೇ ಕಣ್ಣು ಎಳೆಯುತ್ತಿದೆ, ನಾಳೆ ಬೆಳಿಗ್ಗೆ ಎದ್ದು ಅವನಿಗೆ...