ಮೂಗಿನ ಗಾಳಿ, ಗಂಟಲ ಕೊಳವೆ

ಅವ್ವಾ, ನೀನು ಇದನ್ನು ಓದುವುದಿಲ್ಲ ಎಂದು ಗೊತ್ತು. ಆದರೂ ಹೇಳಬೇಕು: ನಿನಗೆ ಮೊಮ್ಮಗ ಹುಟ್ಟಿದ್ದಾನೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ನನ್ನ ಹಾಗೆ ಅವನಿಗೂ ತಾಳ್ಮೆಯಿಲ್ಲ, ಎರಡು ತಿಂಗಳು ಮೊದಲೇ ಬಂದುಬಿಟ್ಟ. ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿದ್ದೇವೆ.

ಬೆಳಿಗ್ಗೆ ಡಾಕ್ಟರ್ ಐಚುರೋಕ್ ನನಗೂ ಅತ್ತೆಗೂ ಎರಡು ದಾರಿ ವಿವರಿಸಿದರು. ಗಂಟಲಿಗೆ ಕೊಳವೆ ಇಳಿಸಿದರೆ ಯಂತ್ರವೇ ಉಸಿರಾಡಿಸುತ್ತದೆ, ಆದರೆ ಎಳೆಯ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನೀರಿನ ಬಾಟಲಿಗೆ ಜೋಡಿಸಿದ ನಳಿಕೆಯಿಂದ ಮೂಗಿಗೆ ಗಾಳಿ ಒತ್ತಿದರೆ ಉಸಿರಾಡುವ ಕೆಲಸ ಮಗುವಿನದೇ, ಅವನು ದಣಿಯಬಹುದು.

ಅತ್ತೆ ಸಿಟ್ಟಾದರು. "ನೀರಿನ ಬಾಟ್ಲಿಲಿ ಗುಳುಗುಳು ಅನ್ನುತ್ತಲ್ಲ, ಅದಾ? ದೊಡ್ಡ ಮಿಷನ್ನೇ ಹಾಕಿ. ನಾವೇನು ಗತಿಗೆಟ್ಟವರಾ?"

"ಅವನು ತಾನೇ ಉಸಿರಾಡ್ತಿದಾನಮ್ಮಾ. ಮೊದ್ಲು ಮೂಗಿಂದ ನೋಡೋಣ," ಎಂದು ಡಾಕ್ಟರ್ ನನ್ನತ್ತ ತಿರುಗಿದರು.

ನಾನು ಹೂಂ ಎಂದೆ. ಶ್ವಾಸಕೋಶದ ವಿಷಯ ಅರ್ಥವಾಗಿ ಅಲ್ಲ. ಕೊಳವೆ ಹಾಕಿದರೆ ಅಳು ಕೇಳಿಸುವುದಿಲ್ಲ ಎಂದಿದ್ದರು. ನನಗೆ ಅಳು ಕೇಳಬೇಕಿತ್ತು.

ಮಧ್ಯಾಹ್ನ ಅವನು ಅತ್ತ, ಬೆಕ್ಕಿನ ಮರಿಯ ಹಾಗೆ. ಬಾಗಿಲಾಚೆ ಇದ್ದ ಅತ್ತೆ ಫೋನು ಹಿಡಿದು ನೆಂಟರಿಗೆಲ್ಲ ಕೂಗಿದರು: "ಸುಯುಂಚು! ಸಿಹಿಸುದ್ದಿ ತಂದಿದೀನಿ, ಉಡುಗೊರೆ ತೆಗೀರಿ!"

ಸಂಜೆಗೆ ಒಂದೊಂದು ಉಸಿರಿಗೂ ಅವನ ಎದೆ ಗುಳಿಬೀಳತೊಡಗಿತು. "ಕೊಳವೆ ಹಾಕಿ," ಎಂದು ನಾನೇ ಹೇಳಿದೆ. ನೆಂಟರ ಕರೆಗಳು ಬರುತ್ತಲೇ ಇದ್ದವು. ಅತ್ತೆ ಒಂದನ್ನೂ ಎತ್ತಲಿಲ್ಲ.

ಕೊಳವೆ ಇದ್ದರೂ ಮಗುವಿಗೆ ಕೇಳಿಸುತ್ತದೆ, ಮಾತಾಡು ಎಂದರು ಡಾಕ್ಟರ್. ಮಾತಾಡುತ್ತಿದ್ದೇನೆ. ಕೊನೆಗಾಲದಲ್ಲಿ ನಿನಗೆ ಕೊಳವೆ ಹಾಕಿದ್ದಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅವ್ವಾ.