ತಕರಾರಮ್ಮ ಆರಿಸಿದ ಪೆಟ್ಟಿಗೆ

೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಯವರಿಗೆ,

ನಿಮ್ಮ ತಮ್ಮನ ಹೆಂಡತಿ ಮಾಡುವ ನಮಸ್ಕಾರ. ನಿಮ್ಮ ಮೂರು ಪತ್ರಗಳು ಬಂದು ಮೇಜಿನ ಮೇಲೆ ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. "ಇವಳಿಗೇನು ಬಂತು ದೊಡ್ಡಸ್ತಿಕೆ" ಎಂದು ಬೈದುಕೊಂಡಿರುತ್ತೀರಿ. ಬೈಯಿರಿ, ನನಗೆ ಸಲ್ಲಬೇಕಾದದ್ದೇ. ಮೂರರಲ್ಲೂ ನೀವು ಕೇಳಿದ್ದು ಒಂದೇ: ನಿಮ್ಮ ತಮ್ಮ ಮಾತಾಡುವ ಆ ವಿಡಿಯೊದ ಒಂದು ಪ್ರತಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ನಮ್ಮ ಫೋಟೊ ಸ್ಟುಡಿಯೊಗೆ ಹೊಸ ಕಂಪ್ಯೂಟರ್ ಬಂದಿದೆ. ಆರಿಸಿದವಳು ನಾನಲ್ಲ, ನನ್ನ ಮಗಳು. ಅದೇ, ಮಾತು ಕಲಿತ ದಿನದಿಂದ ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುತ್ತಾಳೆಂದು ಅಪ್ಪನಿಂದ ತಕರಾರಮ್ಮ ಎಂದು ಹೆಸರು ಪಡೆದವಳು!

ಇಲ್ಲಿಯ ಹಳೆಯ ಶಾಲೆಯೊಂದಕ್ಕೆ ನೂರು ವರ್ಷ ತುಂಬುತ್ತಿದೆ. ಅವರ ಹತ್ತಿರ ನಾಲ್ಕು ಸಾವಿರ ಫೋಟೊಗಳಿವೆ, ಒಂದು ಟ್ರಂಕಿನ ತುಂಬ ವಿಡಿಯೊ ಟೇಪುಗಳಿವೆ. ಗೀರು, ಕಲೆ, ಬೂಷ್ಟು ಎಲ್ಲ ತೆಗೆದು ರಜೆ ಮುಗಿಯುವುದರೊಳಗೆ ಕೊಡಿ ಎಂದು ಮುಖ್ಯೋಪಾಧ್ಯಾಯಿನಿ ನಮ್ಮಲ್ಲಿಗೇ ಬಂದರು. ಎಲ್ಲರ ಕೈಗೂ ಫೋನು ಬಂದ ಮೇಲೆ ನಮ್ಮ ಮೆಟ್ಟಿಲು ಹತ್ತುವವರು ಎಷ್ಟು ಮಂದಿ ಹೇಳಿ? ಈ ಕೆಲಸ ಕೈತಪ್ಪಿದರೆ ಸ್ಟುಡಿಯೊದ ಬಾಗಿಲು ಹಾಕುವುದೇ ಎಂದು ನನಗೂ ಮಗಳಿಗೂ ಗೊತ್ತಿತ್ತು. ಹಳೆಯ ಕಂಪ್ಯೂಟರೋ, ಎರಡು ದೊಡ್ಡ ಫೋಟೊ ತೆರೆದರೆ ಮುನಿಸಿಕೊಂಡು ಕೂರುತ್ತಿತ್ತು. ಒಂದು ಮದುವೆಯ ವಿಡಿಯೊ ಸಿದ್ಧವಾಗಲು ಬಿಟ್ಟು ನಾನು ಬಟ್ಟೆ ಒಗೆದು, ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದು ಬಂದರೂ ಅರ್ಧವೂ ಆಗಿರುತ್ತಿರಲಿಲ್ಲ.

ನಿಮ್ಮ ತಮ್ಮನ ಗೆಳೆಯರು, ಕ್ಯಾಮೆರಾ ಮಾವ, ಬಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಇರೋದ್ರಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬಿಡಿ, ಮಿಕ್ಕಿದ್ದು ಏನಿದ್ರೂ ನಡಿಯುತ್ತೆ." ಪರದೆಗೆ ಚಿತ್ರ ಮೂಡಿಸುವ ಭಾಗವಂತೆ ಅದು. ನಾನು ತಲೆಯಾಡಿಸಿದೆ. ಇವಳು ಆಡಿಸಲಿಲ್ಲ.

"ನಾವು ಎಲ್ಲಿ ಕಾಯ್ತೀವಿ ಅಂತ ಮೊದ್ಲು ನೋಡ್ಬೇಕು ಮಾವ" ಎಂದಳು.

ಐದು ದಿನ ಅತ್ತಿಗೆ, ಐದು ದಿನ ಒಂದು ನೋಟ್‌ಬುಕ್ಕೂ ಗಡಿಯಾರವೂ ಹಿಡಿದು ನನ್ನ ಪಕ್ಕದಲ್ಲಿ ಕೂತಳು. ನಾನು ಕೆಲಸ ಮಾಡುವುದು, ಯಂತ್ರ ನಿಲ್ಲುವುದು, ಇವಳು ಬರೆದುಕೊಳ್ಳುವುದು. ಫೋಟೊ ತೆರೆಯುವಾಗ ಇಷ್ಟು ನಿಮಿಷ, ಉಳಿಸುವಾಗ ಇಷ್ಟು, ಆಗ ಯಂತ್ರದ ಯಾವ ಭಾಗ ದುಡಿಯುತ್ತಿತ್ತು, ಯಾವುದು ಸುಮ್ಮನೆ ಕೂತಿತ್ತು. ನನಗೆ ತಲೆ ಕೆಟ್ಟು, "ಪರೀಕ್ಷೆಗೂ ಇಷ್ಟು ಬರೀಲಿಲ್ಲ ನೀನು" ಎಂದು ಗದರಿದೆ.

ಆರನೆಯ ದಿನ ಗುಟ್ಟು ಹೊರಬಿತ್ತು. "ಮೆಮೊರಿ ಅನ್ನೋದು ಮೇಜು ಇದ್ದ ಹಾಗಮ್ಮ. ನಮ್ಮ ಮೇಜು ಚಿಕ್ಕದು, ಇಷ್ಟು ದೊಡ್ಡ ಫೋಟೊ ಹಿಡಿಸಲ್ಲ. ಅದಕ್ಕೆ ಮೇಲೆ ಮೇಲೆ ಎದ್ದು ಹೋಗಿ ಬೀರುವಿಂದ ತರ್ತಿದೆ. ಬೀರು ಅಂದ್ರೆ ಡಿಸ್ಕು. ಅದೂ ಆಮೆ. ಗ್ರಾಫಿಕ್ಸ್ ಕಾರ್ಡ್ ಪಾಪ, ಬಹಳ ಹೊತ್ತು ಆಕಳಿಸ್ತಾ ಕೂತಿರುತ್ತೆ. ನಮ್ಮ ಕೆಲಸಕ್ಕೆ ಕಾರ್ಡು ಮಧ್ಯಮದ್ದು ಸಾಕು. ದುಡ್ಡು ಮೆಮೊರಿಗೆ, ಡಿಸ್ಕಿಗೆ, ಪರದೆಗೆ ಹೋಗ್ಲಿ."

ಇನ್ನು ಅಂಗಡಿಯ ಕಥೆ ಕೇಳಿ. ಅಂಗಡಿಯವರು ಕೆಂಪು, ನೀಲಿ ದೀಪ ಮಿನುಗುವ ಒಂದು ಪೆಟ್ಟಿಗೆಯ ಮುಂದೆ ನಮ್ಮನ್ನು ನಿಲ್ಲಿಸಿದರು. ಇವಳು ಅದರ ಕಡೆ ಕಣ್ಣೆತ್ತಿಯೂ ನೋಡದೆ ಚೀಲದಿಂದ ಒಂದು ಫೋಟೊ ತೆಗೆದಳು. ನೆನಪಿದೆಯೇ, ಮದುಮಗಳ ಮುಖ ಅರಿಶಿನದ ಹಾಗೆ ಅಚ್ಚಾಗಿ ಬಂತೆಂದು ಒಬ್ಬರು ಜಗಳ ಮಾಡಿ ಹೋಗಿದ್ದರಲ್ಲ, ಅದೇ ಫೋಟೊ. ನಮ್ಮ ಪರದೆಯಲ್ಲಿ ಅದು ಸರಿಯಾಗಿಯೇ ಕಂಡಿತ್ತು. ಈಗ ಅದೇ ಚಿತ್ರವನ್ನು ಅಂಗಡಿಯ ಒಂದೊಂದು ಪರದೆಯಲ್ಲೂ ಹಾಕಿಸಿ, ಪಕ್ಕದಲ್ಲಿ ಅಚ್ಚಾದ ಪ್ರತಿ ಹಿಡಿದು, "ಬೆಳಕು ಇಳಿಸಿ. ಇನ್ನೂ ಇಳಿಸಿ" ಎನ್ನುತ್ತಾ ಹೋದಳು.

"ಇದೇನು ಬಟ್ಟೆ ಅಂಗಡೀನಾ ತಾಯಿ, ಮೈಗೆ ಹಿಡಿದು ನೋಡೋಕೆ?" ಎಂದರು ಅಂಗಡಿಯವರು.

"ಬಟ್ಟೆ ಸರಿಹೋಗ್ಲಿಲ್ಲ ಅಂದ್ರೆ ಮಡಚಿ ಇಡಬಹುದು ಸರ್. ಇದರ ಮುಖ ಐದು ವರ್ಷ ದಿನಾ ನೋಡ್ಬೇಕು."

ಏಳನೆಯ ಪರದೆಯಲ್ಲಿ ಮದುಮಗಳು ಅಚ್ಚಿನಲ್ಲಿದ್ದಷ್ಟೇ ಹಳದಿಯಾಗಿ ಕಂಡಳು. "ಇದು ಸುಳ್ಳು ಹೇಳಲ್ಲ. ಇದೇ ಇರ್ಲಿ" ಎಂದಳು. ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, "ಎಲ್ಲಿ ಕಲಿತರು ಇವರು?" ಎಂದರು. ತಕರಾರಮ್ಮನಿಗೆ ಅಂಗಡಿಯಲ್ಲಿ ಬಹುವಚನ! "ಅವರ ಅಪ್ಪನ ಹತ್ತಿರ" ಎಂದೆ.

ಡಿಸ್ಕಿನ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ಸ್ವಲ್ಪ ಮಾತಾಯಿತು. ಕೆಲಸಕ್ಕೊಂದು ವೇಗದ್ದು, ಮುಗಿದದ್ದನ್ನು ಇಡಲು ಒಂದು ದೊಡ್ಡದು, ಅದರ ಮೇಲೆ ಮೂರನೆಯದೂ ಬೇಕೆಂದಳು. "ಮೂರು ಯಾಕೆ? ಜಾಗ ಸಾಲದಿದ್ರೆ ಹಳೇದು ಅಳಿಸಿದ್ರಾಯ್ತು" ಎಂದೆ. ಅವಳು ನನ್ನ ಮುಖ ನೋಡದೆ, "ನಮ್ಮಲ್ಲಿ ಇನ್ಮೇಲೆ ಜಾಗ ಸಾಲದು ಅಂತ ಯಾವುದನ್ನೂ ಅಳಿಸೋದು ಬೇಡಮ್ಮ" ಎಂದಳು. ಮೂರಕ್ಕೂ ಸೇರಿಸಿ ದುಡ್ಡು ಎಣಿಸಿ ಕೊಟ್ಟೆ.

ಒಂದೂ ದೀಪವಿಲ್ಲದ ಕಪ್ಪು ಪೆಟ್ಟಿಗೆ ಮನೆಗೆ ಬಂತು. ನೋಡಲು ಏನೇನೂ ಚೆನ್ನಾಗಿಲ್ಲ. ಆದರೆ ಈಗ ವಿಡಿಯೊ ಬಿಟ್ಟು ಒಗೆದ ಬಟ್ಟೆ ಮಡಚಲು ಕೂತರೆ, ಮಡಚಿ ಮುಗಿಯುವ ಮೊದಲೇ ಅದು ಮುಗಿದಿರುತ್ತದೆ. ಶಾಲೆಯ ಕೆಲಸವನ್ನು ಒಂಬತ್ತು ದಿನ ಮುಂಚೆಯೇ ಕೊಟ್ಟೆವು. ಎಂಬತ್ತು ವರ್ಷದ ಹಿಂದಿನ ಒಂದು ತರಗತಿಯ ಫೋಟೊದಲ್ಲಿ ತಮ್ಮ ಅಜ್ಜಿಯನ್ನು ಗುರುತು ಹಿಡಿದು ಮುಖ್ಯೋಪಾಧ್ಯಾಯಿನಿ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತರು. ಕ್ಯಾಮೆರಾ ಮಾವನೂ ತಮ್ಮ ಹೊಸ ಕಂಪ್ಯೂಟರಿಗೆ ಏನೇನು ಹಾಕಿಸಬೇಕೆಂದು ಇವಳನ್ನೇ ಕೇಳಿಕೊಂಡು ಹೋಗಿದ್ದಾರೆ. ಅತ್ತಿಗೆ, ನನ್ನ ಮಗಳೆಂದು ಹೇಳುತ್ತಿಲ್ಲ. ಅಲ್ಲ, ನನ್ನ ಮಗಳೆಂದೇ ಹೇಳುತ್ತಿದ್ದೇನೆ!

ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಆಶೀರ್ವಾದ ಈ ಹುಡುಗಿಯ ಮೇಲಿರಲಿ, ಅವಳ ತಕರಾರು ಹೀಗೇ ನೂರು ವರ್ಷ ನಡೆಯಲಿ ಎಂದು ಹರಸಿ ಎರಡು ಸಾಲು ಬರೆಯಿರಿ.

ನಿಮ್ಮ ಪ್ರೀತಿಯ,
ತಮ್ಮನ ಮನೆಯವಳು

ಮರೆತಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ, ಅಷ್ಟೇ. ಆ ವಿಡಿಯೊ ಇದ್ದ ಡಿಸ್ಕು ಸುಟ್ಟುಹೋಯಿತೆಂದು ನಾಲ್ಕು ವರ್ಷದ ಹಿಂದೆ ಎಲ್ಲರಿಗೂ ಹೇಳಿದೆ. ಸರಿಮಾಡಿಸಿ ತೆಗೆಸಲು ಆಗುವುದಿಲ್ಲವೇ ಎಂದು ನೀವು ಇವತ್ತಿಗೂ ಕೇಳುತ್ತಿದ್ದೀರಿ. ಅತ್ತಿಗೆ, ಡಿಸ್ಕು ಸುಟ್ಟಿರಲಿಲ್ಲ. ಅವತ್ತು ಸಂಜೆ ಒಂದು ಮದುವೆಯ ವಿಡಿಯೊ ಕೊಡಬೇಕಿತ್ತು, ಯಂತ್ರ ಜಾಗ ಸಾಲದೆಂದು ನಿಂತುಬಿಟ್ಟಿತು. ಗಿರಾಕಿಗಳದ್ದು ಅಳಿಸುವಂತಿಲ್ಲ. ಮನೆಯದು ಅದೊಂದೇ ಇತ್ತು, ಫೋಟೊದ ಗೀರು ತೆಗೆಯುವುದನ್ನು ಅವರು ಮಗಳಿಗೆ ಹೇಳಿಕೊಡುತ್ತಿದ್ದದ್ದು. ಮನುಷ್ಯ ಪಕ್ಕದ ಕೋಣೆಯಲ್ಲೇ ಕೆಮ್ಮುತ್ತಾ ಕೂತಿದ್ದಾರಲ್ಲ, ಆಮೇಲೆ ಇನ್ನೊಂದು ತೆಗೆದರಾಯಿತೆಂದು ಅಳಿಸಿದೆ. ಹನ್ನೊಂದನೆಯ ದಿನಕ್ಕೆ ಅವರು ಹೋದರು.

ಇದನ್ನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಆದರೆ ಮೂರನೆಯ ಡಿಸ್ಕಿನ ಮೇಲೆ ಅವಳು ಒಂದು ಚೀಟಿ ಅಂಟಿಸಿದ್ದಾಳೆ: "ಮನೆಯದು. ಅಮ್ಮ ಕೈ ಹಾಕಬಾರದು." ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ಒಂದು ಮಾತು ಆಡಿಲ್ಲ, ಎಲ್ಲದಕ್ಕೂ ತಕರಾರು ಮಾಡುವ ಹುಡುಗಿ. ನಿನ್ನೆ ಅವಳಿಲ್ಲದಾಗ ಅದನ್ನು ತೆರೆದು ನೋಡಿದೆ. ಒಳಗೆ ಒಂದೇ ಒಂದು ವಿಡಿಯೊ ಇದೆ. ನನಗೆ ಗೊತ್ತಾಗದ ಹಾಗೆ ಬಾಗಿಲ ಬಳಿ ನಿಂತು ತೆಗೆದಿದ್ದಾಳೆ: ನಾನು ಅವರ ಕುರ್ಚಿಯಲ್ಲಿ ಕೂತು ಯಾರದೋ ಫೋಟೊದ ಗೀರು ತೆಗೆಯುತ್ತಾ ಒಬ್ಬಳೇ ಗೊಣಗಿಕೊಳ್ಳುತ್ತಿದ್ದೇನೆ.

ಅದರ ಪ್ರತಿ ಕಳಿಸಲೇ ಅತ್ತಿಗೆ? ನೀವು ಕೇಳಿದ್ದು ಅದಲ್ಲ, ಗೊತ್ತು.