ನಿಮ್ಮ ಹೆಸರಿಗೆ ಹಾಕಿದ ತುಂಡು

ಫೆಬ್ರವರಿ ೩೦, ೨೩೧೪
ಕೆಂಚನಕೆರೆ ವೈದ್ಯಕೀಯ ಕಾಲೇಜು, ಹುಡುಗಿಯರ ಹಾಸ್ಟೆಲ್

ಕೆಂಚನಕೆರೆಯನ್ನು ಮುಚ್ಚಿದ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ರಜೆ. ನನ್ನ ಮಾತು ವಿಚಿತ್ರ ಎನಿಸಿದರೆ ಸಾರಿ, ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು.

ಇಲ್ಲಿ ಕಾಯಿಲೆ ಇಳಿದ ಮೇಲೆ ‘ರೊಟ್ಟಿ ಕೂಡಿಸುವ’ ಪದ್ಧತಿ ಇದೆ. ಒಂದೇ ಕಾರಣಕ್ಕೆ ಕಾಯಿಲೆ ಬರುವುದಿಲ್ಲ. ಹಲವು ಕಾರಣ ಸೇರಿ ಪೂರ್ತಿಯಾದಾಗ ಬರುತ್ತದೆ, ಅದರಲ್ಲಿ ಒಂದು ತಪ್ಪಿದ್ದರೂ ಬರುತ್ತಿರಲಿಲ್ಲ ಎಂಬುದು ನಮ್ಮ ಮೊದಲ ಪಾಠ. ಹಾಗಾಗಿ ವೈದ್ಯರು ಜೋಳದ ರೊಟ್ಟಿಯೊಂದನ್ನು ಕಾರಣಗಳಿದ್ದಷ್ಟು ತುಂಡು ಮಾಡುತ್ತಾರೆ. ಯಾರಿಂದ ಏನಾಯಿತೋ ಅವರು ಅದನ್ನು ಹೇಳಿ ತಮ್ಮ ತುಂಡನ್ನು ತಟ್ಟೆಯಲ್ಲಿ ಜೋಡಿಸಿ, ಮತ್ತೆ ತೆಗೆದು ತಿನ್ನಬೇಕು. ತಿಂದರೆ ಆ ಕಾರಣ ಇನ್ನು ಬಾರದು ಎಂದರ್ಥ. ಒಂದು ತುಂಡು ಹೋದರೂ ಸಾಕು, ರೊಟ್ಟಿ ಪೂರ್ತಿಯಾಗದು. ಕಾರಣ ಇಟ್ಟವರು ಸತ್ತಿದ್ದರೆ ಅವರಿಗೆ ಕಾಗದ ಬರೆಯುವುದು ಫಸ್ಟ್ ಇಯರಿನವರ ಕೆಲಸ.

ಹೋದ ವಾರ ನನ್ನ ರೂಮ್‌ಮೇಟ್ ಚಂಪಾಳಿಗೆ ಉಸಿರು ಸಿಗದೆ ತುಟಿ ನೀಲಿಯಾಯಿತು. ರೊಟ್ಟಿ ಮೂರು ತುಂಡಾಯಿತು. ಹುಟ್ಟಿನಿಂದ ಸೂಕ್ಷ್ಮವಾದ ಎದೆ ಒಂದು. ಅದನ್ನು ಅವಳೇ ಇಟ್ಟು, “ನನ್ನ ಎದಿ ನಾನ ತಿನ್ನಾಕ ಬರ್ತದೇನ್ರಿ?” ಎಂದು ನಗಿಸಿದಳು. ನಮ್ಮ ಹಾಸ್ಟೆಲ್ ನಿಂತಿರುವುದೇ ನೀವು ಮುಚ್ಚಿದ ಕೆರೆಯ ಮೇಲೆ, ಅದರ ನೀರು ಈಗಲೂ ಗೋಡೆ ಹತ್ತಿ ಬರುತ್ತದೆ. ಅದರ ಬೂಷ್ಟು ಎರಡನೆಯದು. ರೂಮಿನಲ್ಲಿ ಗಾಳಿ ಆಡದೆ ನಿಂತದ್ದು ಮೂರನೆಯದು. ಅದಕ್ಕೆ ಯಾರೂ ಏಳಲಿಲ್ಲ.

ವಾರ್ಡನ್ ಶರಣಕ್ಕ ನನ್ನ ಕಡೆ ತಿರುಗಿದರು. “ಇದೂ ಕೆರಿ ಮುಚ್ಚಿದೋರ್ದ ಅಂತ ಬರದುಬಿಡವಾ. ಸತ್ತೋರೇನು ಜಗಳಕ್ಕ ಬರಂಗಿಲ್ಲ. ಪಲ್ಯ ಆರಾಕ ಹತ್ತೇತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಅದನ್ನೂ ನಿಮ್ಮ ಹೆಸರಿಗೇ ಬರೆದುಕೊಂಡೆ.

ಚಳಿಯೆಂದು ಗವಾಕ್ಷಿಗೆ ಹಳೇ ದುಪಟ್ಟಾ ತುರುಕಿದವಳು ನಾನು. “ಲೇ, ತೆಗಿ ಅದನ್ನ, ನಾ ಏನ್ ಉಪ್ಪಿನಕಾಯೇನ, ಭರಣಿಯಾಗ ಇಡಾಕ?” ಎಂದು ಚಂಪಾ ಹೇಳಿದ್ದಳು. ಅವಳು ಏದುಸಿರು ಬಿಡುತ್ತಿದ್ದಾಗ ನಾನು ಮೊದಲು ಮಾಡಿದ್ದು ವಾರ್ಡನ್ನರನ್ನು ಕೂಗಿದ್ದಲ್ಲ, ದುಪಟ್ಟಾ ಎಳೆದು ಹಾಸಿಗೆಯ ಕೆಳಗೆ ತಳ್ಳಿದ್ದು. ಎದೆಯ ತುಂಡು ತಿಂದರೂ ಎದೆ ಬದಲಾಗದು, ಮಿಕ್ಕೆರಡು ಸತ್ತವರ ಹೆಸರಿನಲ್ಲಿವೆ; ಈಗ ತಟ್ಟೆಯಲ್ಲಿ ತಿನ್ನಬಹುದಾದ ತುಂಡೇ ಇಲ್ಲ. ಕಾರಣ ಯಾವುದೂ ಹೋಗುವುದಿಲ್ಲವಾದರೆ ರೋಗಿಯೇ ಹೋಗಬೇಕಲ್ಲ. ಚಂಪಾಳಿಗೆ ಕಾಲೇಜು ಬಿಡಿಸಿ ಇವತ್ತೇ ಊರಿಗೆ ಕಳಿಸುತ್ತಿದ್ದಾರೆ. ಅವಳು ನನ್ನ ಮೇಲೆ ಅನುಮಾನ ಕೂಡ ಪಡಲಿಲ್ಲ. ತನ್ನ ಹೊದಿಕೆಯನ್ನು ನನಗೇ ಕೊಟ್ಟು, “ನಿನಗ ಭಾಳ ಥಂಡಿ ಆಗ್ತದಲ್ಲ” ಎಂದಳು.

ಹಿರಿಯರೇ, ಬೂಷ್ಟಿನ ತುಂಡು ನಿಮ್ಮದೇ, ಅದನ್ನು ನಾನು ಅಳಿಸಲಾರೆ. ನಿಮ್ಮಲ್ಲಿ ಯಾರಾದರೂ ಇನ್ನೂ ಕೆರೆಗೆ ಮಣ್ಣು ಸುರಿಯದೆ ನಿಂತಿದ್ದರೆ, ದಯವಿಟ್ಟು ಅಲ್ಲೇ ನಿಲ್ಲಿ. ಗಾಳಿಯ ತುಂಡನ್ನು ಮಾತ್ರ ನಿಮ್ಮ ಹೆಸರಿನಿಂದ ತೆಗೆಯುತ್ತಿದ್ದೇನೆ.

ಕಾಗದ ಇಲ್ಲಿಗೇ ಬಿಡುತ್ತೇನೆ. ಅವಳ ಪೆಟ್ಟಿಗೆ ಆಗಲೇ ಗೇಟಿನ ಹತ್ತಿರ ಇದೆ. ವಾರದ ಹಿಂದಿನ ರೊಟ್ಟಿ, ಒಣಗಿ ಹಲಗೆಯಾಗಿರುತ್ತದೆ. ಎಲ್ಲರೂ ನೋಡುತ್ತಿರುವಾಗ ಗಾಳಿಯ ತುಂಡು ನನ್ನದೆಂದು ಹೇಳಿ ಅದನ್ನು ಅಗಿದು ನುಂಗಬೇಕು. ಅಷ್ಟರೊಳಗೆ ಬಸ್ಸು ಬಾರದಿರಲಿ.